ಬಯೋಇನ್ಫರ್ಮ್ಯಾಟಿಕ್ಸ್ ಪ್ರಾಜೆಕ್ಟ್: ಪ್ರಕಟವಾದ ಡೇಟಾದ ಮೇಲೆ ಮೊದಲು ಕೈ ಪಳಗಲಿ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಬಿ.ಎಸ್ಸಿ., ಎಂ.ಎಸ್ಸಿ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಹೊತ್ತಿಗೆ ಜೀವವಿಜ್ಞಾನದ ಎಲ್ಲ ವಿಭಾಗಗಳಲ್ಲೂ ಬಯೋಇನ್ಫರ್ಮ್ಯಾಟಿಕ್ಸ್ (ಜೀವಶಾಸ್ತ್ರದ ಡೇಟಾವನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ಹೆಸರು ಕೇಳಿಬರುತ್ತದೆ. ರಾಸಾಯನಿಕ ಕೊಳ್ಳಬೇಕಿಲ್ಲ, ಉಪಕರಣಕ್ಕೆ ಸರದಿ ಕಾಯಬೇಕಿಲ್ಲ, ಲ್ಯಾಪ್‌ಟಾಪ್ ಇದ್ದರೆ ಆಯಿತು ಎನ್ನುತ್ತಾರೆ. ಅದು ನಿಜವೇ. ಆದರೆ ಲ್ಯಾಪ್‌ಟಾಪ್ ತೆರೆದ ಮೇಲೆ ಏನು ಮಾಡಬೇಕೆಂದು ಹೇಳಿಕೊಡುವವರು ಹತ್ತಿರದಲ್ಲಿ ಇರುವುದಿಲ್ಲ. ಹಾಗಾಗಿ ವಿದ್ಯಾರ್ಥಿಗಳು ಸಾವಿರಾರು ರೂಪಾಯಿ ಕೊಟ್ಟು ಹದಿನೈದು ದಿನದ ಸರ್ಟಿಫಿಕೇಟ್ ಕೋರ್ಸ್ ಸೇರುತ್ತಾರೆ, ಇಲ್ಲವೇ ಯಾವುದಾದರೂ ಗಿಡದ ಹತ್ತು ಸಂಯುಕ್ತಗಳನ್ನು ಯಾವುದಾದರೂ ಪ್ರೋಟೀನಿಗೆ ಡಾಕಿಂಗ್ (ಅಣು ಪ್ರೋಟೀನಿಗೆ ಹೇಗೆ ಅಂಟುತ್ತದೆಂದು ಕಂಪ್ಯೂಟರಿನಲ್ಲಿ ಅಂದಾಜಿಸುವುದು) ಮಾಡಿ ಬಂದ ಅಂಕಿಗಳನ್ನು ಬರೆದುಕೊಡುತ್ತಾರೆ. ಈ ಎರಡೂ ದಾರಿಯಲ್ಲಿ ಸಂಶೋಧನೆ ಎಂಬುದು ಕಲಿತಂತಾಗುವುದಿಲ್ಲ. ಖರ್ಚಿಲ್ಲದ ಇನ್ನೊಂದು ದಾರಿ ಇದೆ. ಪ್ರಕಟವಾದ ಒಂದು ಸಣ್ಣ ಅಧ್ಯಯನವನ್ನು ಹಿಡಿದು, ಅದರ ಡೇಟಾವನ್ನು ತಾನೇ ಇಳಿಸಿಕೊಂಡು, ಕೊನೆಯ ಚಿತ್ರದವರೆಗೆ ಮತ್ತೊಮ್ಮೆ ಮಾಡಿ ನೋಡುವುದು. ಇದನ್ನು ಹೇಗೆ ಮಾಡಬಹುದು, ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ವಿದ್ಯಾರ್ಥಿಗಳಿಗೂ ಅವರ ಗೈಡ್‌ಗಳಿಗೂ ತಿಳಿಸುವುದು ಈ ಪತ್ರದ ಉದ್ದೇಶ. ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಿ. ವಿವರ ಬಿಟ್ಟರೆ ಇದರಿಂದ ಯಾರಿಗೂ ಉಪಯೋಗವಾಗದು.

ಮೊದಲು ಯಂತ್ರದ ಮಾತು. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿಯಲ್ಲಿ 100 ಜಿಬಿ ಖಾಲಿ ಜಾಗ ಇದ್ದರೆ ಕಲಿಕೆಗೆ ತೊಂದರೆಯಿಲ್ಲ. 16 ಜಿಬಿ ಇದ್ದರೆ ನಿರಾಳ. ಈ ಕ್ಷೇತ್ರದ ಬಹುಪಾಲು ಸಾಫ್ಟ್‌ವೇರ್ ಲಿನಕ್ಸ್‌ಗಾಗಿ ಬರೆದದ್ದು. ವಿಂಡೋಸ್ ತೆಗೆದುಹಾಕಬೇಕಿಲ್ಲ, ವಿಂಡೋಸಿನದೇ ಸೌಲಭ್ಯವಾದ ಡಬ್ಲ್ಯುಎಸ್‌ಎಲ್ ಹಾಕಿಕೊಂಡರೆ ವಿಂಡೋಸ್ ಒಳಗೇ ಉಬುಂಟು ಎಂಬ ಲಿನಕ್ಸ್ ಓಡುತ್ತದೆ. ಇಲ್ಲಿ ಎರಡು ವಿಷಯ ಗಮನದಲ್ಲಿರಲಿ. ಡೇಟಾವನ್ನು ವಿಂಡೋಸಿನ ಸಿ ಡ್ರೈವ್‌ನಲ್ಲಿಟ್ಟು ಉಬುಂಟು ಒಳಗಿನಿಂದ ಓದಿಸಿದರೆ ಕೆಲಸ ಬಹಳ ನಿಧಾನವಾಗುತ್ತದೆ. ಫೈಲುಗಳು ಉಬುಂಟುವಿನ ಹೋಮ್ ಫೋಲ್ಡರಿನಲ್ಲೇ ಇರಬೇಕು. ಎರಡನೆಯದಾಗಿ, ಡಬ್ಲ್ಯುಎಸ್‌ಎಲ್ ತಾನಾಗಿ ಯಂತ್ರದ ರ್‍ಯಾಮ್‌ನಲ್ಲಿ ಅರ್ಧ ಮಾತ್ರ ಬಳಸುತ್ತದೆ. 8 ಜಿಬಿ ಯಂತ್ರದಲ್ಲಿ ಕೆಲಸಕ್ಕೆ ಸಿಗುವುದು 4 ಜಿಬಿ. ಪ್ರೋಗ್ರಾಂ ಏನೂ ಹೇಳದೆ ‘ಕಿಲ್ಡ್’ ಎಂಬ ಒಂದೇ ಪದ ತೋರಿಸಿ ನಿಂತರೆ ರ್‍ಯಾಮ್ ಸಾಲಲಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ಸೆಟ್ಟಿಂಗ್ ಫೈಲಿನಲ್ಲಿ ಈ ಮಿತಿ ಏರಿಸಿಕೊಳ್ಳಬಹುದು.

ಫೋಲ್ಡರ್ ಹೆಸರಿನಲ್ಲಿ ಖಾಲಿ ಜಾಗ ಬೇಡ. ‘ನನ್ನ ಪ್ರಾಜೆಕ್ಟ್’ ಎಂದು ಎರಡು ಪದದ ಹೆಸರಿಟ್ಟರೆ ಲಿನಕ್ಸ್ ಆದೇಶಗಳು ಅದನ್ನು ಎರಡು ಬೇರೆ ಫೈಲುಗಳೆಂದು ತಿಳಿಯುತ್ತವೆ. ನೋಟ್‌ಪ್ಯಾಡಿನಲ್ಲಿ ಬರೆದ ಸ್ಕ್ರಿಪ್ಟ್ ಉಬುಂಟುವಿನಲ್ಲಿ ಓಡದಿದ್ದರೆ ಪ್ರತಿ ಸಾಲಿನ ಕೊನೆಯಲ್ಲಿ ವಿಂಡೋಸ್ ಸೇರಿಸಿರುವ, ಕಣ್ಣಿಗೆ ಕಾಣದ ಒಂದು ಅಕ್ಷರ ಕಾರಣವಾಗಿರಬಹುದು. ‘ಡಾಸ್‌ಟುಯುನಿಕ್ಸ್’ ಎಂಬ ಪುಟ್ಟ ಸಾಧನ ಅದನ್ನು ಅಳಿಸುತ್ತದೆ. ಇವು ಕ್ಷುಲ್ಲಕ ಸಂಗತಿಗಳೆನಿಸಬಹುದು. ಆದರೆ ಹೊಸಬರು ‘ಇದು ನನ್ನಿಂದಾಗದು’ ಎಂದು ಕೈಚೆಲ್ಲುವುದು ಜೀವವಿಜ್ಞಾನ ಅರ್ಥವಾಗದೆ ಅಲ್ಲ, ಇಂಥ ಜಾಗಗಳಲ್ಲೇ.

ಸಾಫ್ಟ್‌ವೇರ್ ಹಾಕಿಕೊಳ್ಳಲು ಮಿನಿಫೋರ್ಜ್ ಎಂಬ ಉಚಿತ ಸಾಧನ ಬಳಸಿ, ಕೊಂಡಾ-ಫೋರ್ಜ್ ಮತ್ತು ಬಯೋಕೊಂಡಾ ಎಂಬ ಎರಡು ಭಂಡಾರಗಳನ್ನು ಇದೇ ಆದ್ಯತೆಯ ಕ್ರಮದಲ್ಲಿ ಸೇರಿಸಿಕೊಳ್ಳಿ. ಎಲ್ಲ ಸಾಧನಗಳನ್ನೂ ‘ಬೇಸ್’ ಎಂಬ ಮೂಲ ಎನ್ವಿರಾನ್‌ಮೆಂಟ್ (ಸಾಧನಗಳನ್ನಿಡುವ ಪ್ರತ್ಯೇಕ ಕೋಣೆಯಂಥದ್ದು) ಒಳಗೇ ತುರುಕುವುದು ಸಾಮಾನ್ಯ ತಪ್ಪು. ಒಂದು ಸಾಧನಕ್ಕೆ ಬೇಕಾದ ಲೈಬ್ರರಿಯ ಆವೃತ್ತಿ ಇನ್ನೊಂದಕ್ಕೆ ಆಗಿಬರುವುದಿಲ್ಲ, ಕೊನೆಗೆ ಯಾವುದೂ ಓಡುವುದಿಲ್ಲ. ಗುಣಮಟ್ಟ ಪರೀಕ್ಷೆಗೆ ಒಂದು, ಎಣಿಕೆಗೆ ಒಂದು, ಆರ್ ಭಾಷೆಗೆ ಒಂದು ಎಂದು ಬೇರೆ ಬೇರೆ ಎನ್ವಿರಾನ್‌ಮೆಂಟ್ ಮಾಡಿಕೊಂಡರೆ ಒಂದು ಕೆಟ್ಟರೂ ಉಳಿದವು ಉಳಿಯುತ್ತವೆ.

ಲ್ಯಾಪ್‌ಟಾಪೇ ಇಲ್ಲದವರು, ಕಾಲೇಜಿನ ಹಳೆಯ ಕಂಪ್ಯೂಟರಿನ ಬ್ರೌಸರ್ ಒಂದನ್ನೇ ನಂಬಿಕೊಂಡವರು ಗ್ಯಾಲಕ್ಸಿ ಎಂಬ ಉಚಿತ ಸೇವೆ ಬಳಸಬಹುದು. ಅದರ ಅಮೆರಿಕ ಮತ್ತು ಯುರೋಪ್ ಸರ್ವರ್‌ಗಳಲ್ಲಿ ಹೆಸರು ನೋಂದಾಯಿಸಿದವರಿಗೆ 250 ಜಿಬಿ ಜಾಗ ಸಿಗುತ್ತದೆ. ಈ ಪತ್ರದಲ್ಲಿ ಹೇಳುವ ಬಹುತೇಕ ಕೆಲಸವನ್ನು ಅಲ್ಲೇ ಮೌಸ್ ಒತ್ತಿ ಮಾಡಬಹುದು. ಕಮಾಂಡ್ ಬರೆಯುವುದು ಮುಂದೆ ಕಲಿಯಲೇಬೇಕು, ನಿಜ. ಆದರೆ ಯಂತ್ರವಿಲ್ಲ ಎಂಬ ಒಂದೇ ಕಾರಣಕ್ಕೆ ಹಳ್ಳಿಯ ವಿದ್ಯಾರ್ಥಿ ಹಿಂದುಳಿಯಬೇಕಾಗಿಲ್ಲ.

ಮೊದಲ ಎರಡು ವಾರ ಜೀವಶಾಸ್ತ್ರದ ಡೇಟಾ ಮುಟ್ಟದೆ ಟರ್ಮಿನಲ್ (ಆದೇಶಗಳನ್ನು ಟೈಪ್ ಮಾಡುವ ಪರದೆ) ಕಲಿಯಿರಿ. ಗ್ರೆಪ್, ಕಟ್, ಸಾರ್ಟ್, ಯುನಿಕ್, ಆಕ್ ಎಂಬ ಐದು ಆದೇಶಗಳು ಕೈವಶವಾದರೆ ದೊಡ್ಡ ಫೈಲಿನ ಭಯ ಹೋಗುತ್ತದೆ. ಯುನಿಕ್ ಬಳಸುವ ಮೊದಲು ಸಾರ್ಟ್ ಮಾಡಿರಬೇಕು, ಏಕೆಂದರೆ ಅದು ಒಂದರ ಪಕ್ಕ ಒಂದಿರುವ ಸಾಲುಗಳನ್ನು ಮಾತ್ರ ಹೋಲಿಸುತ್ತದೆ. ಅಭ್ಯಾಸಕ್ಕೆ ಕೊರೊನಾ ವೈರಸ್ಸಿನ ರೆಫರೆನ್ಸ್ ಜಿನೋಮ್ ಚೆನ್ನಾಗಿದೆ. ಅದರಲ್ಲಿರುವುದು 29,903 ಅಕ್ಷರ ಮಾತ್ರ. ಅದನ್ನು ಇಳಿಸಿಕೊಂಡು ಅಕ್ಷರ ಎಣಿಸಿ ನೋಡಿ. ಲೆಕ್ಕ ಹೆಚ್ಚು ಬಂದರೆ ಶೀರ್ಷಿಕೆ ಸಾಲನ್ನೋ ಸಾಲು ಮುರಿಯುವ ಚಿಹ್ನೆಗಳನ್ನೋ ಸೇರಿಸಿ ಎಣಿಸಿದ್ದೀರಿ. ಆಮೇಲಿನ ಎರಡು ವಾರ ಆರ್ ಭಾಷೆಗೆ. ಪೈಥಾನ್ ಬೇಡವೆಂದಲ್ಲ, ಜೀನ್ ಚಟುವಟಿಕೆಯ ವಿಶ್ಲೇಷಣೆಗೆ ಬೇಕಾದ ಪಳಗಿದ ಸಾಧನಗಳು ಆರ್‌ನ ಬಯೋಕಂಡಕ್ಟರ್ ಭಂಡಾರದಲ್ಲಿವೆ, ಅಷ್ಟೆ.

ಇನ್ನು ಯಾವ ಅಧ್ಯಯನ ಆರಿಸಬೇಕು? 2014ರಲ್ಲಿ ಪ್ಲಾಸ್ ಒನ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ತಮಾ ಸಂಬಂಧಿ ಅಧ್ಯಯನವೊಂದು ಕಲಿಯುವವರಿಗೆ ಹೇಳಿಮಾಡಿಸಿದಂತಿದೆ. ನಾಲ್ಕು ಮಂದಿಯಿಂದ ಪಡೆದ ಶ್ವಾಸನಾಳದ ಸ್ನಾಯುಕೋಶಗಳಿಗೆ 18 ಗಂಟೆ ಕಾಲ 1 ಮೈಕ್ರೊಮೋಲಾರ್ ಪ್ರಮಾಣದ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ಯಾವ ಜೀನ್‌ಗಳ ಚಟುವಟಿಕೆ ಏರಿತು, ಯಾವುದು ಇಳಿಯಿತು ಎಂದು ಆರ್‌ಎನ್‌ಎ ಸೀಕ್ವೆನ್ಸಿಂಗ್ (ಕೋಶದ ಆರ್‌ಎನ್‌ಎ ತುಣುಕುಗಳ ಅಕ್ಷರಗಳನ್ನು ಯಂತ್ರದಿಂದ ಓದಿಸುವುದು) ಮೂಲಕ ನೋಡಿದ ಪ್ರಯೋಗ ಅದು. ಡೇಟಾ ಅಮೆರಿಕದ ಜಿಯೋ ಎಂಬ ಸಾರ್ವಜನಿಕ ಭಂಡಾರದಲ್ಲಿ ಜಿಎಸ್‌ಇ52778 ಎಂಬ ಸಂಖ್ಯೆಯಡಿ ಯಾರು ಬೇಕಾದರೂ ತೆಗೆದುಕೊಳ್ಳುವಂತಿದೆ. ಅದರಲ್ಲೇ ಮೊದಲ ಪಾಠವೂ ಇದೆ. ಆ ಸಂಖ್ಯೆಯಡಿ ಇರುವುದು 16 ಸ್ಯಾಂಪಲ್: ಏನೂ ಕೊಡದವು, ಡೆಕ್ಸಾಮೆಥಾಸೋನ್ ಕೊಟ್ಟವು, ಆಲ್ಬ್ಯುಟೆರಾಲ್ ಎಂಬ ಆಸ್ತಮಾ ಔಷಧ ಕೊಟ್ಟವು, ಎರಡನ್ನೂ ಕೊಟ್ಟವು. ಸ್ಟೀರಾಯ್ಡ್ ಪ್ರಶ್ನೆಗೆ ಬೇಕಾದವು ಎಂಟು. ವಿವರಣೆಯ ಪಟ್ಟಿ ಓದದೆ ಎಲ್ಲವನ್ನೂ ಇಳಿಸಿ ಎರಡು ಗುಂಪು ಮಾಡಿದರೆ ಉತ್ತರ ಏನೋ ಒಂದು ಬರುತ್ತದೆ. ತಪ್ಪು ಉತ್ತರ ಬರುವಾಗ ಕಂಪ್ಯೂಟರ್ ಎಚ್ಚರಿಸುವುದಿಲ್ಲ ಎಂಬುದೇ ಈ ಕೆಲಸದ ದೊಡ್ಡ ಅಪಾಯ.

ಕಚ್ಚಾ ಡೇಟಾದಿಂದ ಶುರು ಮಾಡಬೇಡಿ, ಕೊನೆಯಿಂದ ಹಿಂದಕ್ಕೆ ಬನ್ನಿ. ಇದೇ ಅಧ್ಯಯನದ ಎಣಿಕೆ ಪಟ್ಟಿ ಬಯೋಕಂಡಕ್ಟರ್‌ನಲ್ಲಿ ‘ಏರ್‌ವೇ’ ಎಂಬ ಪ್ಯಾಕೇಜಾಗಿ ಸಿದ್ಧವಿದೆ. ಎಂಟು ಕಂಬಸಾಲು, 60 ಸಾವಿರಕ್ಕೂ ಹೆಚ್ಚು ಅಡ್ಡಸಾಲು. ಪ್ರತಿ ಅಡ್ಡಸಾಲು ಒಂದು ಜೀನ್, ಪ್ರತಿ ಮನೆಯಲ್ಲಿ ಆ ಜೀನಿನ ಮೇಲೆ ಬಿದ್ದ ತುಣುಕುಗಳ ಸಂಖ್ಯೆ. ಇದನ್ನು ಚಟುವಟಿಕೆ ಬದಲಾದ ಜೀನ್‌ಗಳನ್ನು ಹುಡುಕುವ ಡಿಇಸೀಕ್2 ಎಂಬ ಸಾಧನಕ್ಕೆ ಕೊಡುವುದು ಹತ್ತು ಸಾಲಿನ ಕೋಡ್. ಆ ಹತ್ತು ಸಾಲಿನಲ್ಲೇ ಎಡವುವ ಜಾಗಗಳು ಹಲವು.

ಡಿಇಸೀಕ್2ಕ್ಕೆ ಕೊಡಬೇಕಾದದ್ದು ಕಚ್ಚಾ ಪೂರ್ಣಾಂಕ ಎಣಿಕೆ. ಟಿಪಿಎಂ, ಎಫ್‌ಪಿಕೆಎಂ ಎಂದು ಮೊದಲೇ ಸರಿಹೊಂದಿಸಿದ ಅಂಕಿಗಳನ್ನು ಹತ್ತಿರದ ಪೂರ್ಣಾಂಕಕ್ಕೆ ಒಯ್ದು ಕೊಡುವವರಿದ್ದಾರೆ. ಹಾಗೆ ಕೊಟ್ಟರೆ ಅದರ ಸಂಖ್ಯಾಶಾಸ್ತ್ರದ ಬುಡವೇ ಕುಸಿಯುತ್ತದೆ. ಹತ್ತು ಎಣಿಕೆಯ ಜೀನ್‌ಗೂ ಹತ್ತು ಸಾವಿರ ಎಣಿಕೆಯ ಜೀನ್‌ಗೂ ಎಷ್ಟೆಷ್ಟು ಏರುಪೇರು ಸಹಜ ಎಂಬುದನ್ನು ಅದು ಕಚ್ಚಾ ಎಣಿಕೆಯಿಂದಲೇ ಅಂದಾಜು ಮಾಡುವುದು. ಎಣಿಕೆ ಪಟ್ಟಿಯ ಕಂಬಸಾಲುಗಳೂ ಸ್ಯಾಂಪಲ್ ವಿವರದ ಪಟ್ಟಿಯೂ ಒಂದೇ ಕ್ರಮದಲ್ಲಿರಬೇಕು. ಕ್ರಮ ತಪ್ಪಿ ಔಷಧ ಕೊಟ್ಟದ್ದು ಕೊಡದ ಗುಂಪಿಗೆ ಸೇರಿಹೋದರೆ ಫಲಿತಾಂಶ ಮಂಕಾಗುತ್ತದೆ, ಕಾರಣ ಮಾತ್ರ ಎಲ್ಲೂ ಕಾಣುವುದಿಲ್ಲ.

ವಿನ್ಯಾಸದ ಸೂತ್ರದಲ್ಲಿ ಔಷಧವನ್ನಷ್ಟೇ ಬರೆದರೆ ಸಾಲದು, ಕೋಶ ಯಾರಿಂದ ಬಂದದ್ದು ಎಂಬುದನ್ನೂ ಸೇರಿಸಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಇರುವ ವ್ಯತ್ಯಾಸ ದೊಡ್ಡದು; ಅದನ್ನು ಬದಿಗಿಟ್ಟರೆ ಮಾತ್ರ ಔಷಧದ ಪರಿಣಾಮ ಸ್ಪಷ್ಟವಾಗಿ ಕಾಣುತ್ತದೆ. ಎರಡೂ ಬಗೆಯಲ್ಲಿ ಓಡಿಸಿ ಹೋಲಿಸಿ ನೋಡಿದ ವಿದ್ಯಾರ್ಥಿಗೆ ‘ಜೋಡಿ ಹೋಲಿಕೆ’ ಎಂದರೇನು ಎಂದು ಮತ್ತೆ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ. ಇನ್ನೊಂದು ಸೂಕ್ಷ್ಮ. ಆರ್ ಭಾಷೆ ಗುಂಪುಗಳನ್ನು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಜೋಡಿಸಿ ಮೊದಲನೆಯದನ್ನು ಆಧಾರ ಎಂದುಕೊಳ್ಳುತ್ತದೆ. ‘ಟ್ರೀಟೆಡ್’, ‘ಅನ್‌ಟ್ರೀಟೆಡ್’ ಎಂದು ಹೆಸರಿಟ್ಟರೆ ಟ್ರೀಟೆಡ್ ಮೊದಲು ಬರುತ್ತದೆ. ಆಗ ಔಷಧದಿಂದ ಏರಿದ ಜೀನ್‌ಗಳೆಲ್ಲ ಇಳಿದಂತೆ ಕಾಣುತ್ತವೆ. ಆಧಾರ ಗುಂಪು ಯಾವುದೆಂದು ಕೈಯಾರೆ ಹೇಳಿಕೊಡಬೇಕು, ಆಮೇಲೆ ತಿಳಿದ ಜೀನ್ ಒಂದನ್ನು ಹಿಡಿದು ತಾಳೆ ನೋಡಬೇಕು. ಸ್ಟೀರಾಯ್ಡ್‌ಗೆ ಸ್ಪಂದಿಸಿ ಏರುವ ಡಸ್ಪ್1, ಕೆಎಲ್‌ಎಫ್15, ಪರ್1 ಜೀನ್‌ಗಳು ಏರಿದಂತೆ ಕಾಣದಿದ್ದರೆ ಚಿಹ್ನೆ ತಲೆಕೆಳಗಾಗಿದೆ ಎಂದೇ ತಿಳಿಯಿರಿ.

ಪಿ ಮೌಲ್ಯದ (ನಿಜವಾದ ಪರಿಣಾಮವಿಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ) ವಿಚಾರದಲ್ಲಿ ಆಗುವ ತಪ್ಪು ಬಿಡಿಸಿ ಹೇಳುವಂಥದ್ದು. 20 ಸಾವಿರ ಜೀನ್‌ಗಳನ್ನು ಪರೀಕ್ಷಿಸಿ 0.05ಕ್ಕಿಂತ ಕಡಿಮೆ ಬಂದದ್ದನ್ನೆಲ್ಲ ಆರಿಸಿದರೆ, ಔಷಧಕ್ಕೆ ಯಾವ ಪರಿಣಾಮವೂ ಇಲ್ಲದಿದ್ದರೂ ಬರೀ ಆಕಸ್ಮಿಕವಾಗಿ ಸುಮಾರು ಸಾವಿರ ಜೀನ್ ಪಟ್ಟಿಯಲ್ಲಿ ಕೂರುತ್ತವೆ. ಅದಕ್ಕೇ ಬೆಂಜಮಿನಿ-ಹಾಕ್‌ಬರ್ಗ್ ವಿಧಾನದಿಂದ ತಿದ್ದಿದ ಪಿ ಮೌಲ್ಯವನ್ನೇ ನೋಡಬೇಕು. ಕೆಲವು ಜೀನ್‌ಗಳಿಗೆ ಆ ಜಾಗದಲ್ಲಿ ಅಂಕಿಯೇ ಇರುವುದಿಲ್ಲ. ಎಣಿಕೆ ತೀರಾ ಕಡಿಮೆಯಿದ್ದು ಪರೀಕ್ಷೆಯಿಂದ ಕೈಬಿಟ್ಟದ್ದು, ಅಥವಾ ಒಂದು ಸ್ಯಾಂಪಲ್ ಉಳಿದವಕ್ಕಿಂತ ವಿಪರೀತ ಭಿನ್ನವಾಗಿದ್ದದ್ದು ಇದಕ್ಕೆ ಕಾರಣ. ಅವುಗಳಿಗೆ ಸೊನ್ನೆ ತುಂಬಿದರೆ ಪಟ್ಟಿಯ ತುತ್ತತುದಿಗೆ ಕಸ ಬಂದು ಕೂರುತ್ತದೆ.

ಮೂಲ ಪ್ರಬಂಧದಲ್ಲಿ ಬದಲಾದ ಜೀನ್‌ಗಳ ಸಂಖ್ಯೆ 316. ಇದೇ ಡೇಟಾವನ್ನು ಡಿಇಸೀಕ್2ನಲ್ಲಿ ಓಡಿಸಿದರೆ ಸಂಖ್ಯೆ ಸಾವಿರಗಳಲ್ಲಿ ಬರುತ್ತದೆ. ಇಲ್ಲಿ ವಿದ್ಯಾರ್ಥಿ ಗಾಬರಿಯಾಗುತ್ತಾನೆ, ಕೆಲವೊಮ್ಮೆ ಗೈಡ್ ಕೂಡ. ನಿಜವಾದ ಸಂಶೋಧನೆ ಶುರುವಾಗುವುದು ಈ ಗಾಬರಿಯ ಜಾಗದಲ್ಲೇ. ಪ್ರಬಂಧದವರು ಕಫ್‌ಡಿಫ್ ಎಂಬ ಬೇರೆ ಸಾಧನ, ಬೇರೆ ಸಂಖ್ಯಾಶಾಸ್ತ್ರ ಬಳಸಿದ್ದರು; ನೀವು ವ್ಯಕ್ತಿವ್ಯತ್ಯಾಸವನ್ನು ಸೂತ್ರದೊಳಗೆ ತಂದಿದ್ದೀರಿ. ಅವರ 316ರಲ್ಲಿ ನಿಮ್ಮ ಪಟ್ಟಿಯಲ್ಲೂ ಇರುವವು ಎಷ್ಟು? ಇಲ್ಲದವು ಯಾಕಿಲ್ಲ? ಪ್ರಬಂಧ ಎತ್ತಿ ಹೇಳಿದ ಕ್ರಿಸ್ಪ್‌ಎಲ್‌ಡಿ2 ಜೀನ್ ನಿಮ್ಮಲ್ಲಿ ಎಷ್ಟು ಪಟ್ಟು ಏರಿದೆ? ಈ ಮೂರು ಪ್ರಶ್ನೆಗೆ ಚಿತ್ರ ಸಮೇತ ಉತ್ತರ ಬರೆದರೆ ಅದೇ ಒಂದು ಪ್ರಾಮಾಣಿಕ ಎಂ.ಎಸ್ಸಿ. ಪ್ರಾಜೆಕ್ಟ್. ಇದನ್ನು ‘ಹಳೆಯದನ್ನೇ ಮಾಡಿದ್ದೀರಿ’ ಎಂದು ತಳ್ಳಿಹಾಕುವ ಪರೀಕ್ಷಕರಲ್ಲಿ ವಿನಂತಿ: ಹೊಸ ಡೇಟಾದಲ್ಲಿ ವಿದ್ಯಾರ್ಥಿಯ ತಪ್ಪು ಹಿಡಿಯಲು ಪರೀಕ್ಷಕರ ಕೈಯಲ್ಲಿ ಯಾವ ಅಳತೆಗೋಲೂ ಇರುವುದಿಲ್ಲ. ಇಲ್ಲಿ ಇದೆ.

ಇಷ್ಟಾದ ಮೇಲೆ ಕಚ್ಚಾ ಡೇಟಾಕ್ಕೆ ಇಳಿಯಿರಿ. ಯುರೋಪಿನ ಇಎನ್‌ಎ ಭಂಡಾರದಲ್ಲಿ ಯಂತ್ರ ಓದಿದ ತುಣುಕುಗಳಿರುವ, ಕುಗ್ಗಿಸಿದ ಫಾಸ್ಟ್‌ಕ್ಯೂ ಫೈಲುಗಳು ನೇರವಾಗಿ ಸಿಗುತ್ತವೆ. ಎಂಟು ಸ್ಯಾಂಪಲ್ ಸೇರಿ ಹತ್ತಾರು ಜಿಬಿ ಆಗುವುದರಿಂದ ಒಂದು ಸ್ಯಾಂಪಲ್‌ನಿಂದ ಶುರು ಮಾಡುವುದು ಕ್ಷೇಮ. ಇಳಿಸುವಾಗ ನೆಟ್‌ವರ್ಕ್ ಕಡಿದು ಫೈಲ್ ಅರ್ಧಕ್ಕೆ ನಿಂತಿದ್ದರೂ ಹೆಸರು ಪೂರ್ತಿ ಇರುತ್ತದೆ. ಹಾಗಾಗಿ ಭಂಡಾರ ಕೊಡುವ, ಫೈಲಿನ ಬೆರಳಚ್ಚಿನಂಥ ಎಂಡಿ5 ಸಂಖ್ಯೆಯೊಂದಿಗೆ ನಿಮ್ಮ ಫೈಲಿನದನ್ನು ತಾಳೆ ನೋಡಲೇಬೇಕು. ತಾಳೆಯಾದ ಮೇಲೆ ಫೈಲನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿಬಿಡಿ.

ಫಾಸ್ಟ್‌ಕ್ಯೂನಲ್ಲಿ ಒಂದು ರೀಡ್‌ಗೆ, ಅಂದರೆ ಓದಿದ ಒಂದು ತುಣುಕಿಗೆ, ನಾಲ್ಕು ಸಾಲು: ಹೆಸರು, ಅಕ್ಷರಗಳು, ಕೂಡಿಸು ಚಿಹ್ನೆ, ಗುಣಮಟ್ಟ. ಹೆಸರಿನ ಸಾಲು ‘ಅಟ್’ ಚಿಹ್ನೆಯಿಂದ ಶುರುವಾಗುತ್ತದೆಂದು ಆ ಚಿಹ್ನೆ ಎಣಿಸಿ ರೀಡ್ ಲೆಕ್ಕ ಹಾಕಿದರೆ ತಪ್ಪು ಬರುತ್ತದೆ, ಏಕೆಂದರೆ ಗುಣಮಟ್ಟದ ಸಾಲೂ ಅದೇ ಚಿಹ್ನೆಯಿಂದ ಶುರುವಾಗಬಹುದು. ಒಟ್ಟು ಸಾಲುಗಳನ್ನು ನಾಲ್ಕರಿಂದ ಭಾಗಿಸುವುದೇ ಸರಿ. ಗುಣಮಟ್ಟ 20 ಎಂದರೆ ನೂರು ಅಕ್ಷರಕ್ಕೆ ಒಂದು ತಪ್ಪು, 30 ಎಂದರೆ ಸಾವಿರಕ್ಕೆ ಒಂದು. ಪರೀಕ್ಷೆಗೆ ಫಾಸ್ಟ್‌ಕ್ಯೂಸಿ ಓಡಿಸಿ, ಎಲ್ಲ ವರದಿಗಳನ್ನೂ ಮಲ್ಟಿಕ್ಯೂಸಿಯಲ್ಲಿ ಒಟ್ಟಿಗೆ ನೋಡಿ. ಆ ವರದಿಯಲ್ಲಿ ಕೆಂಪು ಗುರುತು ಕಂಡ ಕೂಡಲೇ ಡೇಟಾ ಕೆಟ್ಟಿದೆ ಎನ್ನಬೇಡಿ. ಆರ್‌ಎನ್‌ಎ ಡೇಟಾದಲ್ಲಿ ಮೊದಲ ಹತ್ತು ಹನ್ನೆರಡು ಅಕ್ಷರಗಳ ಹಂಚಿಕೆ ಏರುಪೇರಾಗಿರುವುದು ಸಹಜ. ಲೈಬ್ರರಿ ಮಾಡುವಾಗ (ಆರ್‌ಎನ್‌ಎಯನ್ನು ಸೀಕ್ವೆನ್ಸಿಂಗ್‌ಗೆ ಸಿದ್ಧಪಡಿಸುವಾಗ) ಬಳಸುವ ಆರಕ್ಷರದ ಪ್ರೈಮರ್‌ಗಳು ಎಲ್ಲ ಕಡೆ ಸಮನಾಗಿ ಅಂಟುವುದಿಲ್ಲ. ಅದನ್ನು ಕತ್ತರಿಸಿದರೆ ಒಳ್ಳೆಯ ಅಕ್ಷರಗಳೇ ಹೋಗುತ್ತವೆ. ನಕಲು ರೀಡ್‌ಗಳು ಹೆಚ್ಚಿವೆ ಎಂಬ ಎಚ್ಚರಿಕೆಯೂ ಅಂಥದ್ದೇ. ಚುರುಕಾದ ಜೀನ್‌ನಿಂದ ಒಂದೇ ಥರದ ತುಣುಕು ಸಾವಿರ ಬಾರಿ ಬರುವುದು ಸಹಜವೇ.

ರೀಡ್‌ಗಳನ್ನು ಜೀನ್‌ಗಳಿಗೆ ಹೊಂದಿಸಲು ಸ್ಟಾರ್ ಎಂಬ ಸಾಧನ ಹೆಸರುವಾಸಿ, ಆದರೆ ಮಾನವ ಜಿನೋಮ್‌ಗೆ ಅದಕ್ಕೆ ಸುಮಾರು 30 ಜಿಬಿ ರ್‍ಯಾಮ್ ಬೇಕು. ಸಣ್ಣ ಯಂತ್ರಕ್ಕೆ ಸಾಲ್ಮನ್ ತಕ್ಕದ್ದು. ಅದು ಟ್ರಾನ್ಸ್‌ಕ್ರಿಪ್ಟ್‌ಗಳ (ಜೀನಿನ ಆರ್‌ಎನ್‌ಎ ಪ್ರತಿಗಳ) ಮೇಲೆ ನೇರವಾಗಿ ಎಣಿಕೆ ಅಂದಾಜು ಮಾಡುತ್ತದೆ. ಜಿನೋಮ್ ಪೂರ್ತಿಯನ್ನು ಡಿಕಾಯ್ ಆಗಿ (ತಪ್ಪು ಹೊಂದಿಕೆ ತಡೆಯುವ ಬಲೆಯಾಗಿ) ಸೇರಿಸಿದರೆ ನಿಖರತೆ ಹೆಚ್ಚು, ಆದರೆ 8 ಜಿಬಿಯಲ್ಲಿ ಅದು ಆಗದು; ಕಲಿಕೆಗೆ ಟ್ರಾನ್ಸ್‌ಕ್ರಿಪ್ಟ್‌ಗಳಷ್ಟೇ ಸಾಕು, ಹಾಗೆ ಮಾಡಿದ್ದೇವೆಂದು ವರದಿಯಲ್ಲಿ ಬರೆಯಿರಿ. ಆಮೇಲೆ ಟಿಎಕ್ಸ್‌ಇಂಪೋರ್ಟ್ ಮೂಲಕ ಜೀನ್ ಮಟ್ಟಕ್ಕೆ ಒಟ್ಟುಗೂಡಿಸಬೇಕು. ಇಲ್ಲಿ ‘ಒಂದೂ ಹೆಸರು ಹೊಂದಲಿಲ್ಲ’ ಎಂಬ ದೋಷ ಬಂದರೆ ಟ್ರಾನ್ಸ್‌ಕ್ರಿಪ್ಟ್ ಸಂಖ್ಯೆಯ ಕೊನೆಯಲ್ಲಿ ಚುಕ್ಕಿಯ ನಂತರ ಇರುವ ಆವೃತ್ತಿ ಅಂಕಿಯನ್ನು ನೋಡಿ. ಒಂದು ಪಟ್ಟಿಯಲ್ಲಿ ಅದಿದ್ದು ಇನ್ನೊಂದರಲ್ಲಿ ಇರುವುದಿಲ್ಲ.

ಸಾಲ್ಮನ್ ಬಿಟ್ಟು, ರೀಡ್ ಹೊಂದಿಸಲು ಹೈಸ್ಯಾಟ್2, ಎಣಿಸಲು ಫೀಚರ್‌ಕೌಂಟ್ಸ್ ಎಂಬ ದಾರಿ ಹಿಡಿದವರಿಗೆ ಬರುವ ತೊಂದರೆ ಬೇರೆ. ಎಣಿಕೆಯೆಲ್ಲ ಸೊನ್ನೆ ಬಂದರೆ ಜಿನೋಮ್ ಫೈಲಿನಲ್ಲಿ ಕ್ರೋಮೋಸೋಮ್‌ಗೆ ‘ಸಿಎಚ್‌ಆರ್1’ ಎಂದೂ ಜೀನ್ ಪಟ್ಟಿಯಲ್ಲಿ ಬರೀ ‘1’ ಎಂದೂ ಹೆಸರಿದೆ ಎಂದೇ ಮೊದಲ ಅನುಮಾನ. ಎರಡನ್ನೂ ಒಂದೇ ಸಂಸ್ಥೆಯ ಒಂದೇ ಆವೃತ್ತಿಯಿಂದ ತೆಗೆದುಕೊಳ್ಳಬೇಕು. ಎಣಿಕೆ ಅರ್ಧಕ್ಕಿಳಿದರೆ ಅಥವಾ ನೂರರಲ್ಲಿ ನಾಲ್ಕೈದು ಮಾತ್ರ ಲೆಕ್ಕಕ್ಕೆ ಬಂದರೆ ಲೈಬ್ರರಿಯ ಎಳೆಯ ದಿಕ್ಕನ್ನು ತಪ್ಪಾಗಿ ಹೇಳಿರುತ್ತೀರಿ. ಏರ್‌ವೇ ಡೇಟಾ ದಿಕ್ಕಿಲ್ಲದ್ದು, ಅದಕ್ಕೆ ಫೀಚರ್‌ಕೌಂಟ್ಸ್‌ನ ದಿಕ್ಕಿನ ಆಯ್ಕೆಯಲ್ಲಿ ಸೊನ್ನೆ ಕೊಡಬೇಕು. ಈಗಿನ ಬಹಳಷ್ಟು ಕಿಟ್‌ಗಳು ಹಿಮ್ಮುಖ ದಿಕ್ಕಿನವು, ಅವಕ್ಕೆ 2. ಜೋಡಿ ರೀಡ್‌ಗಳಿದ್ದಾಗ (ಒಂದೇ ತುಣುಕನ್ನು ಎರಡೂ ತುದಿಯಿಂದ ಓದಿದಾಗ) ಫೀಚರ್‌ಕೌಂಟ್ಸ್‌ನ ಹೊಸ ಆವೃತ್ತಿಗಳಲ್ಲಿ ಜೋಡಿ ಎಂದು ಹೇಳುವುದಷ್ಟೇ ಸಾಲದು, ಜೋಡಿಯನ್ನು ಒಂದಾಗಿ ಎಣಿಸು ಎಂಬ ಇನ್ನೊಂದು ಆಯ್ಕೆಯನ್ನೂ ಕೊಡಬೇಕು. ಹಳೆಯ ಪಾಠಗಳನ್ನು ನೋಡಿ ಆದೇಶ ನಕಲು ಮಾಡುವವರು ಇದನ್ನು ಬಿಟ್ಟುಬಿಡುತ್ತಾರೆ.

ಚಾಟ್‌ಬಾಟ್‌ಗಳು ಬರೆದುಕೊಡುವ ಕೋಡಿನಲ್ಲೂ ಇಂಥವೇ ತಪ್ಪುಗಳು ನುಸುಳುತ್ತವೆ. ಕೋಡ್ ಓಡಿತು ಎಂಬುದು ಉತ್ತರ ಸರಿ ಎಂಬುದಕ್ಕೆ ಸಾಕ್ಷಿಯಲ್ಲ. ಮೊದಲ 40,000 ಸಾಲು, ಅಂದರೆ 10,000 ರೀಡ್ ಕತ್ತರಿಸಿಕೊಂಡು ಅದರ ಮೇಲೆ ಎಲ್ಲ ಹಂತವನ್ನೂ ಓಡಿಸಿ, ಪ್ರತಿ ಹಂತದಲ್ಲಿ ಎಷ್ಟು ಒಳಹೋಯಿತು, ಎಷ್ಟು ಹೊರಬಂತು ಎಂದು ಬರೆದಿಟ್ಟುಕೊಳ್ಳಿ.

ಎಕ್ಸೆಲ್ ಬಗ್ಗೆ ಒಂದು ಮಾತು. ಜೀನ್ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಸೆಪ್ಟ್2 ಎಂಬ ಜೀನ್ ಸೆಪ್ಟೆಂಬರ್ 2 ಆಗುತ್ತಿತ್ತು, ಮಾರ್ಚ್1 ಎಂಬುದು ಮಾರ್ಚ್ 1 ಆಗುತ್ತಿತ್ತು. ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದರಲ್ಲಿ ಒಂದರಲ್ಲಿ ಈ ದೋಷವಿದೆ ಎಂದು 2016ರಲ್ಲಿ ಪ್ರಕಟವಾದ ಪರಿಶೀಲನೆ ತೋರಿಸಿತು. 2020ರಲ್ಲಿ ಜೀನ್‌ಗಳ ಹೆಸರನ್ನೇ ಸೆಪ್ಟಿನ್2, ಮಾರ್ಚ್‌ಎಫ್1 ಎಂದು ಬದಲಿಸಬೇಕಾಯಿತು. ಹಳೆಯ ಡೇಟಾದಲ್ಲಿ ಹಳೆಯ ಹೆಸರುಗಳೇ ಇವೆ. ಪಟ್ಟಿಯನ್ನು ಆರ್‌ನಲ್ಲೇ ಓದಿ, ಎಕ್ಸೆಲ್‌ನಲ್ಲಿ ಉಳಿಸಬೇಡಿ.

ಬದಲಾದ ಜೀನ್‌ಗಳ ಪಟ್ಟಿ ಸಿಕ್ಕ ಮೇಲೆ ಅವು ಯಾವ ಕೆಲಸಕ್ಕೆ ಸಂಬಂಧಿಸಿದವು ಎಂದು ಹುಡುಕುವ ಎನ್‌ರಿಚ್‌ಮೆಂಟ್ ಹಂತ ಬರುತ್ತದೆ. ಹೋಲಿಕೆಗೆ ಇಡಬೇಕಾದದ್ದು ಆ ಕೋಶದಲ್ಲಿ ಪರೀಕ್ಷೆಗೆ ಒಳಪಟ್ಟ ಜೀನ್‌ಗಳನ್ನು, ಮಾನವನ ಎಲ್ಲ ಜೀನ್‌ಗಳನ್ನಲ್ಲ. ಎಲ್ಲವನ್ನೂ ಇಟ್ಟರೆ ಸ್ನಾಯುಕೋಶದ ಯಾವ ಪಟ್ಟಿ ಕೊಟ್ಟರೂ ‘ಸ್ನಾಯು ಸಂಕೋಚನ’ ಎಂದೇ ಉತ್ತರ ಬರುತ್ತದೆ.

ಈಗ ಡಾಕಿಂಗ್ ವಿಚಾರ. ಅದನ್ನು ಮಾಡಬಾರದೆಂದಲ್ಲ, ನಿಯಂತ್ರಣ ಪರೀಕ್ಷೆಯಿಲ್ಲದೆ ಮಾಡಬಾರದು. ಆಟೋಡಾಕ್ ವೀನಾ ಎಂಬ ಡಾಕಿಂಗ್ ಸಾಧನ ಕೊಡುವ ಬಂಧದ ಅಂದಾಜಿನಲ್ಲಿ ಪ್ರತಿ ಮೋಲಿಗೆ 2ರಿಂದ 3 ಕಿಲೋಕ್ಯಾಲರಿಯಷ್ಟು ತಪ್ಪು ಇರುತ್ತದೆ. ಹೀಗಿರುವಾಗ ಒಂದು ಸಂಯುಕ್ತಕ್ಕೆ ಮೈನಸ್ 8.1, ಇನ್ನೊಂದಕ್ಕೆ ಮೈನಸ್ 7.8 ಬಂತೆಂದು ಮೊದಲನೆಯದೇ ಒಳ್ಳೆಯ ಔಷಧ ಎಂದು ಬರೆಯುವುದಕ್ಕೆ ಆಧಾರವಿಲ್ಲ. ಪ್ರೋಟೀನಿನ ಸ್ಫಟಿಕ ರಚನೆಯಲ್ಲಿ ಮೊದಲೇ ಇರುವ ಅಣುವನ್ನು ಹೊರತೆಗೆದು, ಮತ್ತೆ ಡಾಕ್ ಮಾಡಿ, ಅದು ಮೂಲ ಸ್ಥಾನದಿಂದ 2 ಆಂಗ್‌ಸ್ಟ್ರಮ್ ಒಳಗೆ ಬಂದು ಕೂರುತ್ತದೆಯೇ ಎಂದು ಮೊದಲು ನೋಡಬೇಕು. ಕೂರದಿದ್ದರೆ ನಿಮ್ಮ ಸಂಯುಕ್ತಗಳ ಅಂಕಿಗೂ ಬೆಲೆಯಿಲ್ಲ. ಆಲ್ಫಾಫೋಲ್ಡ್ ಎಂಬ ಎಐ ಸಾಧನ ಊಹಿಸಿದ ರಚನೆ ಬಳಸುವವರು ವಿಶ್ವಾಸದ ಅಂಕ 70ಕ್ಕಿಂತ ಕಡಿಮೆ ಇರುವ ಭಾಗದಲ್ಲಿ ಡಾಕ್ ಮಾಡಬಾರದು. ಮಾದರಿ ಕಟ್ಟಿದವರು, ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂದು ತೋರಿಸುವ ರಾಮಚಂದ್ರನ್ ನಕ್ಷೆ ನೋಡಲೇಬೇಕು. 1963ರಲ್ಲಿ ಮದ್ರಾಸಿನಿಂದ ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಕೊಟ್ಟ ಆ ನಕ್ಷೆ ಇಂದಿಗೂ ಪ್ರೋಟೀನ್ ರಚನೆಯ ಮೊದಲ ಪರೀಕ್ಷೆ. ಅವರೇ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ.

ಏರ್‌ವೇ ಮುಗಿಸಿದವರು ನಮ್ಮ ಬೆಳೆಗಳ ಕಡೆ ನೋಡಲಿ ಎಂಬುದು ನಮ್ಮ ಆಸೆ. ರಾಗಿಯ ಎಂ.ಎಲ್.-365 ತಳಿಯ ಜಿನೋಮ್ ಕರಡನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಸಂಶೋಧಕರ ನೇತೃತ್ವದ ತಂಡ 2017ರಲ್ಲಿ ಪ್ರಕಟಿಸಿತು. ರಾಗಿಯ ಆರ್‌ಎನ್‌ಎ ಡೇಟಾವೂ ಸಾರ್ವಜನಿಕ ಭಂಡಾರಗಳಲ್ಲಿದೆ. ಆದರೆ ರಾಗಿ ಟೆಟ್ರಾಪ್ಲಾಯ್ಡ್, ಅಂದರೆ ಪ್ರತಿ ಕೋಶದಲ್ಲಿ ಕ್ರೋಮೋಸೋಮ್‌ಗಳ ನಾಲ್ಕು ಗಣ ಇರುವ ಬೆಳೆ. ಎ ಮತ್ತು ಬಿ ಎಂಬ ಎರಡು ಉಪಜಿನೋಮ್ ಸೇರಿ 36 ಕ್ರೋಮೋಸೋಮ್. ಬಹುಪಾಲು ಜೀನ್‌ಗಳಿಗೆ ಒಂದನ್ನೊಂದು ತುಂಬಾ ಹೋಲುವ ಎರಡು ಪ್ರತಿಗಳು. ಒಂದೇ ರೀಡ್ ಎರಡೂ ಕಡೆ ಹೊಂದಿಕೊಳ್ಳುತ್ತದೆ. ಫೀಚರ್‌ಕೌಂಟ್ಸ್ ಇಂಥ ರೀಡ್‌ಗಳನ್ನು ಹೇಳದಿದ್ದರೆ ಬಿಟ್ಟುಬಿಡುತ್ತದೆ. ಆಗ ಹೆಚ್ಚು ಹೋಲುವ ಜೀನ್‌ಗಳೇ ಮಲಗಿರುವಂತೆ ಕಾಣುತ್ತವೆ. ಸಾಲ್ಮನ್ ಅವನ್ನು ಸಂಭವನೀಯತೆಯ ಲೆಕ್ಕದಲ್ಲಿ ಹಂಚುತ್ತದೆ, ಆದರೆ ಎರಡು ಪ್ರತಿಗಳಲ್ಲಿ ಯಾವುದು ಬರಕ್ಕೆ ಸ್ಪಂದಿಸಿತು ಎಂದು ಖಚಿತವಾಗಿ ಹೇಳುವಾಗ ಎಚ್ಚರ ಬೇಕು. ಜೀನ್‌ಗಳ ಕೆಲಸದ ವಿವರವೂ ಬಹುತೇಕ ಭತ್ತದಿಂದ, ಅರಾಬಿಡಾಪ್ಸಿಸ್ ಎಂಬ ಪ್ರಯೋಗಾಲಯದ ಗಿಡದಿಂದ ಎರವಲು ಬಂದದ್ದು. ಹೊಸಬರು ರಾಗಿಯಿಂದಲೇ ಆರಂಭಿಸಬೇಡಿ ಎನ್ನುವುದಕ್ಕೆ ಇವೇ ಕಾರಣಗಳು. ಎರಡನೆಯ ಪ್ರಾಜೆಕ್ಟಾಗಿ ಇದಕ್ಕಿಂತ ಒಳ್ಳೆಯದು ಕರ್ನಾಟಕದ ವಿದ್ಯಾರ್ಥಿಗೆ ಸಿಗುವುದು ಕಷ್ಟ.

ಸ್ವಂತ ಸ್ಯಾಂಪಲ್ ಕಳಿಸಿ ಸೀಕ್ವೆನ್ಸಿಂಗ್ ಮಾಡಿಸುವ ವಿಭಾಗಗಳಿಗೆ ಒಂದು ಕಿವಿಮಾತು. ಹಣ ಉಳಿಸಲು ಒಂದು ಕಂಟ್ರೋಲ್, ಒಂದು ಟ್ರೀಟ್‌ಮೆಂಟ್ ಮಾತ್ರ ಕಳಿಸಿದರೆ ಆ ಹಣವೂ ವ್ಯರ್ಥ. ಗುಂಪಿಗೆ ಕನಿಷ್ಠ ಮೂರು ಬೇರೆ ಬೇರೆ ಗಿಡ ಅಥವಾ ಪ್ರಾಣಿ ಬೇಕು. ಒಂದೇ ಗಿಡದ ಆರ್‌ಎನ್‌ಎಯನ್ನು ಮೂರು ಟ್ಯೂಬಿಗೆ ಹಾಕಿದರೆ ಅದು ಮೂರಾಗುವುದಿಲ್ಲ. ಕಂಟ್ರೋಲ್ ಎಲ್ಲ ಸೋಮವಾರ, ಟ್ರೀಟ್‌ಮೆಂಟ್ ಎಲ್ಲ ಗುರುವಾರ ತೆಗೆದರೆ ಕಂಡ ವ್ಯತ್ಯಾಸ ಔಷಧದ್ದೋ ದಿನದ್ದೋ ಎಂದು ಯಾವ ಸಾಫ್ಟ್‌ವೇರ್ ಕೂಡ ಆಮೇಲೆ ಬಿಡಿಸಲಾರದು. ವಿಶ್ಲೇಷಣೆ ಮಾಡುವವರನ್ನು ಸ್ಯಾಂಪಲ್ ತೆಗೆಯುವ ಮೊದಲೇ ಕೂರಿಸಿಕೊಂಡು ಮಾತಾಡಿ.

ಇಷ್ಟು ಮಾಡಿದ ವಿದ್ಯಾರ್ಥಿ ಸಂಶೋಧನಾಲಯಗಳಿಗೆ ಇಂಟರ್ನ್‌ಶಿಪ್ ಕೇಳಿ ಬರೆಯುವಾಗ ಸರ್ಟಿಫಿಕೇಟುಗಳನ್ನು ಲಗತ್ತಿಸುವ ಬದಲು ಗಿಟ್‌ಹಬ್ ಎಂಬ ಕೋಡ್ ಹಂಚಿಕೊಳ್ಳುವ ತಾಣದಲ್ಲಿಟ್ಟ ತನ್ನ ಕೆಲಸದ ಒಂದು ಕೊಂಡಿ ಕೊಡಲಿ: ಕೋಡ್, ಪ್ರತಿ ಸಾಧನದ ಆವೃತ್ತಿ, ಡೇಟಾ ಇಳಿಸಿದ ದಿನಾಂಕ, ಏನು ಹೊಂದಲಿಲ್ಲ ಎಂಬ ಒಂದು ಪುಟ. ಪತ್ರ 150 ಪದ ಮೀರದಿರಲಿ, ಆ ಪ್ರಯೋಗಾಲಯದ ಒಂದು ಪ್ರಬಂಧ ಓದಿ ಅದರ ಬಗ್ಗೆ ಒಂದು ನಿಜವಾದ ಪ್ರಶ್ನೆ ಅದರಲ್ಲಿರಲಿ. ಭಾರತೀಯ ವಿಜ್ಞಾನ ಅಕಾಡೆಮಿ ಸೇರಿದಂತೆ ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ವಿದ್ಯಾರ್ಥಿಗಳಷ್ಟೇ ಅಲ್ಲ, ಕಾಲೇಜು ಅಧ್ಯಾಪಕರೂ ಅರ್ಜಿ ಹಾಕಬಹುದು ಎಂಬುದು ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ.

ವಿಶ್ವವಿದ್ಯಾಲಯಗಳ ಅಧ್ಯಯನ ಮಂಡಳಿಗಳಲ್ಲಿ ನಮ್ಮ ಕೋರಿಕೆ ಎರಡು. ಪ್ರಕಟಿತ ಡೇಟಾದ ಮರುವಿಶ್ಲೇಷಣೆಯನ್ನು ಪ್ರಾಜೆಕ್ಟ್ ಎಂದು ನಿಯಮದಲ್ಲೇ ಒಪ್ಪಿ, ಕೊಟ್ಟ ಕೋಡನ್ನು ಪರೀಕ್ಷಕರ ಎದುರು ಇನ್ನೊಂದು ಯಂತ್ರದಲ್ಲಿ ಓಡಿಸಿ ತೋರಿಸುವುದಕ್ಕೆ ಅಂಕ ಇಡಿ. ಹೊಸ ಕಂಪ್ಯೂಟರ್ ಲ್ಯಾಬಿಗೆ ಮೂವತ್ತು ಸಾಧಾರಣ ಯಂತ್ರ ಕೊಳ್ಳುವಾಗ ನಾಲ್ಕೈದು ಕಡಿಮೆ ಮಾಡಿ, 64 ಜಿಬಿ ರ್‍ಯಾಮ್ ಇರುವ ಒಂದು ಲಿನಕ್ಸ್ ಯಂತ್ರ ತನ್ನಿ. ಉಳಿದ ಯಂತ್ರಗಳಿಂದ ಅದಕ್ಕೆ ಲಾಗಿನ್ ಆಗಿ ಇಡೀ ತರಗತಿ ಸರದಿಯಲ್ಲಿ ಕೆಲಸ ಮಾಡಬಹುದು.

ಇಂತಿ ತಮ್ಮ ವಿಶ್ವಾಸಿಗಳು,
ಬಯೋಇನ್ಫರ್ಮ್ಯಾಟಿಕ್ಸ್ ಬೋಧಿಸುವ ಅಧ್ಯಾಪಕರು, ಧಾರವಾಡ